ಬಾಯಿಪಾಠದ ಆರೋಪ ಮತ್ತು ಲಿಂಡ್ಲೆ ಮರ್ರೆ

ಪ್ರಶ್ನೆ: ಇಂಗ್ಲಿಷ್ ವ್ಯಾಕರಣವೆಂದರೆ ನಿಯಮಗಳನ್ನು ಉರು ಹೊಡೆಯುವುದು ಎಂಬ ರೂಢಿಗೆ ಲಿಂಡ್ಲೆ ಮರ್ರೆಯೇ ಕಾರಣ ಎಂದು ತರಬೇತಿಯೊಂದರಲ್ಲಿ ಕೇಳಿದೆ. ಇವರು ಯಾರು? ಈ ಮಾತು ನಿಜವೇ?
– ಪ್ರೌಢಶಾಲಾ ಶಿಕ್ಷಕಿ

ಉತ್ತರ: ಅರ್ಧ ನಿಜ. ಉಳಿದರ್ಧ ಮರ್ರೆಗೆ ಮಾಡುವ ಅನ್ಯಾಯ.

ಮರ್ರೆ ವೃತ್ತಿಯಿಂದ ಮೇಷ್ಟರಲ್ಲ. 1745ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವಕೀಲಿಕೆ, ವ್ಯಾಪಾರ ಮಾಡಿ ಅನುಕೂಲಸ್ಥರಾದವರು. ಆರೋಗ್ಯ ಕೆಟ್ಟು, ಹವೆ ಬದಲಾದರೆ ಸುಧಾರಿಸೀತೆಂದು 1784ರಲ್ಲಿ ಇಂಗ್ಲೆಂಡಿಗೆ ಹೊರಟರು. ಯಾರ್ಕ್ ನಗರದ ಪಕ್ಕದ ಹೋಲ್ಗೇಟ್‌ನಲ್ಲಿ ನೆಲೆಸಿದರು. ಸ್ನಾಯುಗಳ ಬಲ ಕುಂದುತ್ತಲೇ ಹೋಗಿ, ಕೊನೆಗೆ ಮನೆಯಿಂದ ಹೊರಬರುವುದೇ ನಿಂತಿತು. ಯಾರ್ಕಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯೊಂದಿತ್ತು. ಅಲ್ಲಿನ ತರುಣ ಶಿಕ್ಷಕಿಯರು ತಮಗೊಂದು ಸುಲಭ ವ್ಯಾಕರಣ ಬರೆದುಕೊಡಿ ಎಂದು ಮರ್ರೆಯವರನ್ನು ಒತ್ತಾಯಿಸಿದರು. ಆ ಪುಸ್ತಕ 1795ರಲ್ಲಿ ಬಂತು. ಬಹುಪಾಲು ಸರಕು ಲೌತ್ ಮೊದಲಾದ ಹಿಂದಿನ ವ್ಯಾಕರಣಕಾರರದು. ಇದು ಸಂಕಲನವೆಂದು ಮರ್ರೆಯವರೇ ಹೇಳಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ.

ಕಂಠಪಾಠ ಮಾಡಬೇಕಾದ ನಿಯಮಗಳನ್ನು ದೊಡ್ಡ ಅಕ್ಷರದಲ್ಲಿಯೂ ವಿವರಣೆಯನ್ನು ಸಣ್ಣ ಅಕ್ಷರದಲ್ಲಿಯೂ ಅವರು ಅಚ್ಚು ಹಾಕಿಸಿದರು. ನೀವು ಕೇಳಿದ ಆರೋಪದ ಬೇರು ಇಲ್ಲಿದೆ.

ಆದರೆ 1797ರಲ್ಲಿ ಅವರು ಅಭ್ಯಾಸದ ಪುಸ್ತಕವನ್ನೂ, ಉತ್ತರಗಳ ಕೈಪಿಡಿಯನ್ನೂ ಹೊರತಂದರು. ಅಭ್ಯಾಸದ ಪುಸ್ತಕದ ತುಂಬ ತಪ್ಪು ವಾಕ್ಯಗಳು. ತಿದ್ದುವ ಕೆಲಸ ಮಕ್ಕಳದು. ಕರ್ತೃ ಮತ್ತು ಕ್ರಿಯಾಪದದ ವಚನ ಹೊಂದಬೇಕೆಂಬ ಮೊದಲ ನಿಯಮಕ್ಕೆ ಕೊಟ್ಟ ವಾಕ್ಯವೊಂದನ್ನು ನೋಡಿ. ನಿರಾಶೆಗಳು ಮನಸ್ಸನ್ನು ಕುಗ್ಗಿಸುತ್ತವೆ, ಮತ್ತೆ ಚಿಗುರುವ ಭರವಸೆ ಸಮಾಧಾನ ನೀಡುತ್ತದೆ ಎಂಬುದು ಅದರ ಆಶಯ. ಮೊದಲರ್ಧದಲ್ಲಿ ಕರ್ತೃ ಬಹುವಚನ, ಕ್ರಿಯಾಪದಕ್ಕೆ ಮಾತ್ರ ಏಕವಚನದ 'ಎಸ್' ಅಂಟಿಕೊಂಡಿದೆ. ಎರಡನೆಯದರಲ್ಲಿ ಕರ್ತೃ ಏಕವಚನ, ಬೇಕಾದ 'ಎಸ್' ಇಲ್ಲ. ನಿಯಮವನ್ನು ಎಷ್ಟು ಸಲ ಒಪ್ಪಿಸಿದರೂ ಇದನ್ನು ಬಿಡಿಸಲಾಗದು. ಕರ್ತೃ ಎಲ್ಲಿದೆ ಎಂದು ಹುಡುಗಿ ತಾನೇ ಹುಡುಕಬೇಕು. ಒಂದೇ ವಾಕ್ಯದಲ್ಲಿ ಎರಡೂ ದಿಕ್ಕಿನ ತಪ್ಪನ್ನು ಇಟ್ಟಿರುವುದರಿಂದ ಊಹೆಯೂ ನಡೆಯದು. ಕಲಿಸುವ ಕಷ್ಟ ಬಲ್ಲವರು ಮಾತ್ರ ಹೀಗೆ ವಾಕ್ಯ ಕಟ್ಟಬಲ್ಲರು.

ಈ ಅಭ್ಯಾಸಗಳನ್ನು ಬದಿಗಿಟ್ಟು ದೊಡ್ಡ ಅಕ್ಷರದ ಸಾಲುಗಳನ್ನಷ್ಟೇ ಒಪ್ಪಿಸಿಕೊಂಡ ತರಗತಿಗಳ ಹೊಣೆಯನ್ನೂ ಮರ್ರೆಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಮುಂದಿನ ಪಾಠವನ್ನು ಇಂಥ ಎರಡು ತಪ್ಪುಗಳಿರುವ ವಾಕ್ಯದಿಂದಲೇ ಆರಂಭಿಸಿ. ನಿಯಮವನ್ನು ಮಕ್ಕಳೇ ಹೇಳಲಿ, ನೀವು ಆಮೇಲೆ ಹಲಗೆಯ ಮೇಲೆ ಬರೆಯಿರಿ.