ಬಾಂಡ್ ಪೇಪರ್ ರಾಜಿ ಕಾನೂನಿನ ಮುಂದೆ ನಿಲ್ಲದು

ಓದುಗರ ಪತ್ರ: ನಮ್ಮದು ಹೊಸನಗರ ತಾಲ್ಲೂಕು, ನಾಲ್ಕು ಎಕರೆ ಅಡಿಕೆ ತೋಟ. 2025ರ ಅಕ್ಟೋಬರ್‌ನಲ್ಲಿ ಪಕ್ಕದ ತೋಟದಲ್ಲಿ ಕೊನೆ (ಅಡಿಕೆ ಗೊನೆ) ತೆಗೆಯುತ್ತಿದ್ದ 35 ವರ್ಷದ ಕೊನೆಗಾರ ಮರದಿಂದ ಬಿದ್ದು ತೀರಿಕೊಂಡ. ಊರ ಹಿರಿಯರು ಕೂತು ತೋಟದ ಯಜಮಾನರಿಂದ ಎರಡು ಲಕ್ಷ ಕೊಡಿಸಿ, ಬಾಂಡ್ ಪೇಪರ್ ಮೇಲೆ ಅವನ ಹೆಂಡತಿಯ ಸಹಿ ಹಾಕಿಸಿದರು. ಇದು ಇಲ್ಲಿಗೆ ಮುಗಿದಂತೆಯೇ? ಅದೇ ಗುಂಪು ನಮ್ಮ ತೋಟಕ್ಕೂ ಬಾಡಿಗೆ ಪಿಕಪ್‌ನಲ್ಲಿ ಬರುತ್ತದೆ. ಎಲ್ಲರಿಗೂ ಬ್ಯಾಂಕಿನ 20 ರೂಪಾಯಿ ವಿಮೆ ಇದೆ. ಹೊಸ ಕಾನೂನು ಬಂದಿದೆ ಎನ್ನುತ್ತಾರೆ. ನಾನೇನು ಮಾಡಬೇಕು?

ಸಂಪಾದಕರ ಉತ್ತರ:

ಮಾನ್ಯರೇ,

ಮುಗಿದಿಲ್ಲ. ಕೆಲಸದಲ್ಲಿ ಸತ್ತವರ ಪರಿಹಾರವನ್ನು ಯಜಮಾನ ನೇರವಾಗಿ ಕುಟುಂಬದ ಕೈಗೆ ಕೊಟ್ಟರೆ ಅದನ್ನು ಪರಿಹಾರವೆಂದು ಕಾನೂನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೌಕರರ ಪರಿಹಾರ ಕಾಯ್ದೆ, 1923ರ 8ನೇ ಕಲಂ ಪ್ರಕಾರ ಆ ಹಣವನ್ನು ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕು. ಯಾರಿಗೆ ಎಷ್ಟು ಎಂದು ಹಂಚುವವರು ಅವರೇ. ‘ಇನ್ನು ನಮ್ಮದೇನೂ ತಕರಾರಿಲ್ಲ’ ಎಂದು ಬರೆಸಿಕೊಂಡ ಒಪ್ಪಂದ 17ನೇ ಕಲಂ ಪ್ರಕಾರ ಅನೂರ್ಜಿತ. ಆ ಹೆಣ್ಣುಮಗಳು ಅಪಘಾತ ನಡೆದ ಎರಡು ವರ್ಷದೊಳಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು, ಹಾಕಬೇಕು ಕೂಡ. ಅದು ಅವಳ ಹಕ್ಕು.

ಹಕ್ಕಿನ ಮೊತ್ತ ಎಷ್ಟೆಂದು ನೋಡಿ. ಮರಣವಾದರೆ ತಿಂಗಳ ಕೂಲಿಯ ಅರ್ಧವನ್ನು ಆ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ ಗುಣಕದಿಂದ ಗುಣಿಸಬೇಕು. ದಿನಕ್ಕೆ ಒಂಬೈನೂರು ರೂಪಾಯಿ ದುಡಿದರೂ ಲೆಕ್ಕಕ್ಕೆ ಬರುವ ತಿಂಗಳ ಕೂಲಿಗೆ 15,000 ರೂಪಾಯಿಯ ಮಿತಿಯಿದೆ. ಇದು 2020ರ ಜನವರಿಯ ಅಧಿಸೂಚನೆ. 35 ವರ್ಷದ ಗುಣಕ 197.06. ಹಾಗಾಗಿ 7,500 × 197.06 ಅಂದರೆ 14,77,950 ರೂಪಾಯಿ. ಕೊಡಿಸಿದ್ದು ಎರಡು ಲಕ್ಷ! ಊರ ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆ ಕುಟುಂಬಕ್ಕೆ ಆದ ನಷ್ಟ ಇಷ್ಟು ದೊಡ್ಡದು.

ಬಡ್ಡಿ ಬೇರೆ. ಒಂದು ತಿಂಗಳೊಳಗೆ ಠೇವಣಿ ಇಡದಿದ್ದರೆ ವರ್ಷಕ್ಕೆ ಶೇ 12ರ ಸರಳ ಬಡ್ಡಿ ಬೀಳುತ್ತದೆ. ಅದು ಆದೇಶದ ದಿನದಿಂದಲ್ಲ, ಅಪಘಾತದ ದಿನದಿಂದಲೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೂ, ನಮ್ಮದೇ ರಾಜ್ಯದ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ 2018ರಲ್ಲೂ ಸ್ಪಷ್ಟವಾಗಿ ಹೇಳಿದೆ. ಈ ಮೊತ್ತಕ್ಕೆ ತಿಂಗಳಿಗೆ ಸುಮಾರು 14,780 ರೂಪಾಯಿ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಸರಿಯಾದ ಕಾರಣವಿಲ್ಲದೆ ತಡಮಾಡಿದ್ದಾರೆಂದು ಕಂಡರೆ ಅಸಲಿನ ಅರ್ಧದವರೆಗೆ ದಂಡವನ್ನೂ ಹಾಕಬಹುದು.

‘ಅವನು ನಮ್ಮ ಆಳಲ್ಲ, ಎರಡು ದಿನಕ್ಕೆ ಬಂದವನು’ ಎಂಬ ವಾದ ನಿಲ್ಲುವುದಿಲ್ಲ. ಬಿಡಿ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತನ್ನು 2000ನೇ ಇಸವಿಯ ತಿದ್ದುಪಡಿ ತೆಗೆದುಹಾಕಿತು. ಜಮೀನು ಸಾಗುವಳಿಯ ಕೆಲಸ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ಇದೆ. ಎರಡು ದಿನ ದುಡಿದವನ ತಿಂಗಳ ಕೂಲಿ ಎಂದರೆ ಎರಡು ದಿನದ ಕೂಲಿಯೂ ಅಲ್ಲ. ಅದೇ ಸೀಮೆಯಲ್ಲಿ ಅದೇ ಕೆಲಸ ಮಾಡುವವನು ತಿಂಗಳಿಗೆ ಎಷ್ಟು ದುಡಿಯುತ್ತಾನೋ ಅದನ್ನೇ ಹಿಡಿಯುತ್ತಾರೆ. ‘ಕುಡಿದಿದ್ದ’, ‘ಹಗ್ಗ ಕಟ್ಟಿಕೋ ಎಂದರೆ ಕೇಳಲಿಲ್ಲ’ ಎಂಬ ಸಮಜಾಯಿಷಿಗಳು ಸಣ್ಣಪುಟ್ಟ ಗಾಯಗಳಲ್ಲಿ ನಡೆದಾವು. ಮರಣದಲ್ಲೂ, ಸಂಪೂರ್ಣ ಶಾಶ್ವತ ಅಂಗವೈಕಲ್ಯದಲ್ಲೂ ನಡೆಯುವುದಿಲ್ಲ.

ಇನ್ನು ಗುತ್ತಿಗೆಯ ಪ್ರಶ್ನೆ. ಒಂದು ಕೊನೆಗೆ ಇಷ್ಟು ಎಂದು ಗುಂಪಿನ ಮೇಸ್ತ್ರಿಗೆ ಮಾತಾಡಿ ಕೊಟ್ಟಿದ್ದರೂ ಕೊಯ್ಲು ನಿಮ್ಮ ತೋಟದ ಸಹಜ ಕೆಲಸ. 12ನೇ ಕಲಂ ಪ್ರಕಾರ ಮೊದಲು ನೀವು ಕೊಡಬೇಕು, ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಬಹುದು. ವಸೂಲಿ ಎಷ್ಟರಮಟ್ಟಿಗೆ ಆಗುತ್ತದೆ ಎಂಬುದು ನಿಮಗೇ ಗೊತ್ತು. ಫಸಲು ಮರದ ಮೇಲಿರುವಾಗಲೇ ಅದನ್ನು ವ್ಯಾಪಾರಿಗೆ ಮಾರಿದ್ದರೆ, ಅಂದರೆ ಚೇಣಿಗೆ ಕೊಟ್ಟಿದ್ದರೆ, ಪರಿಸ್ಥಿತಿ ಬೇರೆ: ಅಲ್ಲಿ ಕೊಯ್ಲು ಚೇಣಿದಾರರ ಸ್ವಂತ ವ್ಯಾಪಾರ, ಆಳುಗಳು ಚೇಣಿದಾರರ ಕಡೆಯವರೇ ಎಂದು ಗಟ್ಟಿಯಾಗಿ ವಾದಿಸಬಹುದು. ಆದರೆ ಬಾಯಿಮಾತಿನ ಚೇಣಿಯನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಕಷ್ಟ. ಫಸಲು ಮಾರಿದ ದಿನಾಂಕ, ದರ, ಮುಂಗಡ, ಕೊಯ್ಲಿನ ಆಳು ಮತ್ತು ಅವರ ವಿಮೆ ಯಾರ ಹೊಣೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿ. ಚೇಣಿದಾರರ ಪಾಲಿಸಿಯ ಪ್ರತಿಯನ್ನು ಇಸಿದುಕೊಂಡ ಮೇಲೆಯೇ ತೋಟಕ್ಕೆ ಬಿಡಿ.

ಹೊಸ ಕಾನೂನಿನ ವಿಚಾರ. ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ನೌಕರರ ಪರಿಹಾರದ ನಿಯಮಗಳೆಲ್ಲ ಈಗ ಅದರ ಏಳನೇ ಅಧ್ಯಾಯದಲ್ಲಿವೆ. ಆಯುಕ್ತರ ಜಾಗಕ್ಕೆ ‘ಸಕ್ಷಮ ಪ್ರಾಧಿಕಾರ’ ಎಂಬ ಹೆಸರು ಬಂದಿದೆ. ಮರಣಕ್ಕೆ ಶೇ 50, ಸಂಪೂರ್ಣ ಅಂಗವೈಕಲ್ಯಕ್ಕೆ ಶೇ 60 ಎಂಬ ಲೆಕ್ಕದ ಚೌಕಟ್ಟು ಬದಲಾಗಿಲ್ಲ. ಪಕ್ಕದ ತೋಟದ ಅಪಘಾತ ಅಕ್ಟೋಬರ್‌ನದ್ದಾದ್ದರಿಂದ ಅದಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ನಿಮಗೆ ನಿಜವಾಗಿ ತಟ್ಟುವುದು ದಾರಿಯ ಅಪಘಾತ. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬೆಳಗಿನ ಜಾವ ಮೂರಕ್ಕೆ ಶುರುವಾಗುವ ಪಾಳಿಗೆ ಮೋಟರ್ ಸೈಕಲ್‌ನಲ್ಲಿ ಹೊರಟವರು ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ದೂರವಿರುವಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಸಮಯ, ಸ್ಥಳ, ಸಂದರ್ಭಗಳಿಗೆ ಕೆಲಸದೊಂದಿಗೆ ನಂಟಿದ್ದರೆ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂದು ನ್ಯಾಯಾಲಯ ಹೇಳಿತು. ಹೊಸ ಸಂಹಿತೆಯೂ ಇದೇ ನಿಲುವನ್ನು ಒಳಗೊಂಡಿದೆ. ಸಂಜೆ ಸಂತೆಗೆ ಹೋಗಿ, ನೆಂಟರ ಮನೆಗೆ ತಿರುಗಿ ಬರುವಾಗ ಆದದ್ದಕ್ಕೆ ಈ ನಂಟು ಕಡಿದುಹೋಗುತ್ತದೆ. ಬೆಳಗ್ಗೆ ನೀವೇ ಕಳಿಸಿದ ಪಿಕಪ್‌ನಲ್ಲಿ ಬರುವಾಗ ಆದದ್ದಕ್ಕೆ ಕಡಿಯುವುದಿಲ್ಲ.

ಆ ಪಿಕಪ್ಪೇ ನಿಮ್ಮ ದೊಡ್ಡ ಅಪಾಯ. ಅದು ಸರಕು ವಾಹನ. ಸರಕು ವಾಹನದಲ್ಲಿ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಾಹನದ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಮಾನಿಸಿದೆ. ವಾಹನ ಮಾಲೀಕರ ಸ್ವಂತ ಕೆಲಸದವರಿಗೆ ಒಂದು ಮಿತಿಯಲ್ಲಿ ರಕ್ಷಣೆ ಇದೆ, ಅದೂ ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರ) ತೋರಿಸಿದ ಆಸನಗಳಷ್ಟಕ್ಕೆ. ನಿಮ್ಮ ಕೊನೆಗಾರರು ಪಿಕಪ್ ಮಾಲೀಕರ ಕೆಲಸದವರಲ್ಲ. ಆಗುಂಬೆ, ಹುಲಿಕಲ್ ಕಡೆಯ ತಿರುವುಗಳಲ್ಲಿ ಹಿಂದೆ ಹನ್ನೆರಡು ಜನ ನಿಂತು ಬರುವ ಗಾಡಿ ಮಗುಚಿದರೆ ಆ ಹನ್ನೆರಡು ಕುಟುಂಬಗಳಿಗೂ ವಾಹನ ವಿಮೆಯಿಂದ ಒಂದು ಪೈಸೆಯೂ ಬಾರದೆ ಹೋಗಬಹುದು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಪ್ರಯಾಣಿಕರ ಪರ್ಮಿಟ್ ಇರುವ ಗಾಡಿಯನ್ನೇ ಗೊತ್ತುಮಾಡಿ.

ಬ್ಯಾಂಕಿನ 20 ರೂಪಾಯಿ ವಿಮೆ, ಅಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ ಕೊಡುತ್ತದೆ. ಖಂಡಿತ ಇರಲಿ. ಆದರೆ ಅದು ಆಳಿನ ಸ್ವಂತ ವಿಮೆ. ನಿಮ್ಮ ಹೊಣೆಯಲ್ಲಿ ಅದು ಒಂದು ರೂಪಾಯಿಯನ್ನೂ ಕಡಿಮೆ ಮಾಡುವುದಿಲ್ಲ.

ನಿಮಗೆ ಬೇಕಾದದ್ದು ನೌಕರರ ಪರಿಹಾರ ಪಾಲಿಸಿ. ಏಜೆಂಟರ ಬಾಯಲ್ಲಿ ಇವತ್ತಿಗೂ ಅದು ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಪಾಲಿಸಿ. ಕೊಳ್ಳುವುದಕ್ಕಿಂತ ಸರಿಯಾಗಿ ಬರೆಸುವುದೇ ಇಲ್ಲಿ ಮುಖ್ಯ, ಕ್ಲೇಮು ತಿರಸ್ಕಾರವಾಗುವುದು ಬಹುಮಟ್ಟಿಗೆ ಪ್ರಸ್ತಾವನೆ ಫಾರಂನಲ್ಲಿ ಆದ ತಪ್ಪಿನಿಂದ. ಕೆಲಸದ ವಿವರದ ಜಾಗದಲ್ಲಿ ‘ಕೃಷಿ ಕೂಲಿ’ ಎಂದು ಬರೆದು ಬಿಡಬೇಡಿ. ಮರ ಏರಿ ಕೊನೆ ತೆಗೆಯುವುದು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಯಂತ್ರದಲ್ಲಿ ಅಡಿಕೆ ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು ಎಂದು ಒಂದೊಂದನ್ನೂ ಬೇರೆ ಬೇರೆ ಬರೆಸಿ, ಪ್ರತಿಯೊಂದಕ್ಕೂ ಆಳುಗಳ ಸಂಖ್ಯೆ ಮತ್ತು ವರ್ಷದ ಅಂದಾಜು ಕೂಲಿ ತೋರಿಸಿ. ಪ್ರೀಮಿಯಂ ಉಳಿಸಲು ಹತ್ತು ಜನರ ಜಾಗದಲ್ಲಿ ನಾಲ್ಕು ಎಂದು ಬರೆಸಿದರೆ ಕಂಪನಿ ಆ ಪ್ರಮಾಣಕ್ಕೆ ತಕ್ಕಂತೆ ಹಣ ಕತ್ತರಿಸುತ್ತದೆ, ಉಳಿದದ್ದು ನಿಮ್ಮ ತಲೆಗೆ. ತೋಟದ ಸರ್ವೆ ನಂಬರ್ ಮತ್ತು ಸುಲಿಯುವ ಶೆಡ್ಡಿನ ಜಾಗ ಎರಡೂ ಪಾಲಿಸಿಯಲ್ಲಿರಬೇಕು.

ಅದರ ಜೊತೆಗೆ ನಾಲ್ಕು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಗುತ್ತಿಗೆಯ ಆಳುಗಳೂ ಸೇರಿದ್ದಾರೆಯೇ? ಚಿಕಿತ್ಸಾ ವೆಚ್ಚ ಎಷ್ಟರವರೆಗೆ? (ಗಾಯಾಳುವಿನ ನಿಜವಾದ ಆಸ್ಪತ್ರೆ ಖರ್ಚು ಯಜಮಾನರದ್ದೇ, ಪಾಲಿಸಿಯಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಮಿತಿ ಇರುತ್ತದೆ.) ಬಡ್ಡಿಯನ್ನು ಕಂಪನಿ ಭರಿಸುತ್ತದೆಯೇ? ಭರಿಸುವುದಿಲ್ಲ ಎಂಬ ಷರತ್ತು ಇದ್ದರೆ ಅದು ಸಿಂಧು ಎಂದು 2006ರ ಸುಪ್ರೀಂ ಕೋರ್ಟ್ ತೀರ್ಪಿದೆ, ದಂಡವಂತೂ ಸದಾ ಯಜಮಾನರದೇ. ಕೊನೆಯದಾಗಿ, ಪಾಲಿಸಿಯಲ್ಲಿ 1923ರ ಕಾಯ್ದೆಯ ಹೆಸರು ಮಾತ್ರ ಇದೆಯೋ, ಹೊಸ ಸಂಹಿತೆಯ ಹೊಣೆ ಮತ್ತು ದಾರಿಯ ಅಪಘಾತವೂ ಸೇರಿದೆಯೋ? 2025ರ ನವೆಂಬರ್‌ಗೆ ಮುಂಚಿನ ನಮೂನೆಯಲ್ಲೇ ನವೀಕರಿಸಿದ ಪಾಲಿಸಿಗೆ ಕೂಡಲೇ ತಿದ್ದುಪಡಿ ಹಾಕಿಸಿ.

ಏಣಿ, ಹಗ್ಗದ ಜೊತೆಗೆ ದೋಟಿಯ (ಕೆಳಗೆ ನಿಂತೇ ಕೊನೆ ಕೊಯ್ಯುವ ಉದ್ದ ಕೋಲು) ಬಗ್ಗೆ ಒಂದು ಮಾತು. ಈಗ ಎಲ್ಲರೂ ಹಿಡಿದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ವಿದ್ಯುತ್ ಲೈನ್ ಹಾದಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಮೊದಲೇ ಅರ್ಜಿ ಕೊಟ್ಟು ಆ ಸಾಲಿನ ಕೊಯ್ಲಿನ ದಿನ ಲೈನಿನ ಕರೆಂಟ್ ನಿಲ್ಲಿಸಿಕೊಳ್ಳಿ, ಅರ್ಜಿಯ ಸ್ವೀಕೃತಿಯನ್ನು ಇಟ್ಟುಕೊಳ್ಳಿ.

ಆದರೂ ಅವಘಡವಾದರೆ, ಗಾಯಾಳುವನ್ನು ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಸೇರಿಸುವಾಗ ‘ಮನೆಯಲ್ಲಿ ಬಿದ್ದ’ ಎಂದು ಬರೆಸಬೇಡಿ. ಪೊಲೀಸರ ತಂಟೆ ಬೇಡವೆಂದು ಹೀಗೆ ಬರೆಸುವ ರೂಢಿ ನಮ್ಮಲ್ಲಿದೆ. ಆಸ್ಪತ್ರೆಯ ಆ ಒಂದು ಸಾಲನ್ನು ಹಿಡಿದೇ ವಿಮಾ ಕಂಪನಿ ಕ್ಲೇಮು ತಳ್ಳಿಹಾಕುತ್ತದೆ. ಎಂಎಲ್‌ಸಿ (ಆಸ್ಪತ್ರೆಯ ವೈದ್ಯ-ಕಾನೂನು ದಾಖಲೆ) ಮಾಡಿಸಿ, ಠಾಣೆಗೆ ತಿಳಿಸಿ, ಅದೇ ದಿನ ಕಂಪನಿಗೆ ಇಮೇಲ್ ಹಾಕಿ. ಹಾಜರಿ ಪುಸ್ತಕ ಮತ್ತು ಕೂಲಿಯನ್ನು ಫೋನ್‌ಪೇ ಮಾಡಿದ ದಾಖಲೆ ಜೋಪಾನ. ಪರಿಹಾರ ಎಷ್ಟೆಂಬ ಬಗ್ಗೆ ತಕರಾರಿದ್ದರೂ ನೀವು ಒಪ್ಪುವಷ್ಟು ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಅಷ್ಟರಮಟ್ಟಿಗೆ ಬಡ್ಡಿಯೂ ನಿಲ್ಲುತ್ತದೆ.

ನಿಮ್ಮ ಪಕ್ಕದವರಿಗೆ ಇಷ್ಟು ಹೇಳಿ: ಅರ್ಜಿ ಬರಲೆಂದು ಕಾಯದೆ, ವಕೀಲರ ಮೂಲಕ ಈಗಲೇ ಠೇವಣಿ ಇಡಲಿ. ಕೊಟ್ಟ ಎರಡು ಲಕ್ಷದಲ್ಲಿ ಮೂರು ತಿಂಗಳ ಕೂಲಿಯಷ್ಟನ್ನು ಮುಂಗಡವೆಂದು ಪರಿಹಾರದಲ್ಲಿ ಕಳೆದು ಯಜಮಾನರಿಗೆ ಹಿಂದಿರುಗಿಸಲು ಕಾನೂನಿನಲ್ಲಿ ಅವಕಾಶವಿದೆ. ಬ್ಯಾಂಕಿನ ಮೂಲಕ ಕೊಟ್ಟಿದ್ದರೆ ಆ ಪಾಸ್‌ಬುಕ್ ಪುಟವನ್ನೂ ಅರ್ಜಿಯ ಜೊತೆ ಲಗತ್ತಿಸಲಿ. ಸತ್ತವನ ಹೆಂಡತಿಗೆ ವಕೀಲರ ಶುಲ್ಕ ಕೊಡುವ ಶಕ್ತಿ ಇಲ್ಲದಿದ್ದರೆ ಹೊಸನಗರ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲ.