ಒಂದೇ ರಾತ್ರಿಗೆ ಇಡೀ ಸೀರೀಸ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 29, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಬಾಡಿಗೆ ಮನೆಯಲ್ಲಿ ಒಬ್ಬರೇ ವಾಸ. ಶುಕ್ರವಾರ ರಾತ್ರಿ ಹಾಕಿದ ಎಂಟು ಕಂತಿನ ಸೀರೀಸ್ ಬೆಳಗಿನ ಜಾವಕ್ಕೆ ಮುಗಿಯುತ್ತದೆ. "ಮುಗಿದ್ಮೇಲೆ ಏನೂ ಅನ್ಸಲ್ಲ ಮೇಡಂ. ಹದಿನೈದು ದಿನ ಬಿಟ್ಟು ಕೇಳಿದ್ರೆ ಕಥೆನೂ ನೆನಪಿರಲ್ಲ. ಆದ್ರೂ ನಿಲ್ಸೋಕಾಗಲ್ಲ."

ಮೊದಲು ವಿಚಾರಿಸಿದ್ದು ಖಿನ್ನತೆಯ ಲಕ್ಷಣಗಳನ್ನು. ಊಟ, ಗೆಳೆಯರು, ಕ್ರಿಕೆಟ್ಟು, ಯಾವುದರಲ್ಲೂ ಆಸಕ್ತಿ ಕುಂದಿರಲಿಲ್ಲ. ಕುಂದಿದ್ದರೆ ಮನೋವೈದ್ಯರ ಬಳಿ ಕಳಿಸಬೇಕಾಗುತ್ತಿತ್ತು.

ಇದನ್ನು ಮನೋಬಲದ ಕೊರತೆ ಎಂದುಕೊಂಡು ಅವರು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು. ಅದು ತಪ್ಪು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಕಂತಿನ ಒಂದೇ ಧಾರಾವಾಹಿಯನ್ನು ಮೂರು ಗುಂಪುಗಳಿಗೆ ತೋರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು: ಒಂದಕ್ಕೆ ವಾರಕ್ಕೊಂದು ಕಂತು, ಇನ್ನೊಂದಕ್ಕೆ ದಿನಕ್ಕೊಂದು, ಮೂರನೆಯದಕ್ಕೆ ಒಂದೇ ಸಲಕ್ಕೆ ಆರೂ. ಒಟ್ಟಿಗೆ ನೋಡಿದವರಿಗೆ ಮರುದಿನ ನೆನಪು ಚೆನ್ನಾಗಿಯೇ ಇತ್ತು. 140 ದಿನಗಳಲ್ಲಿ ಅತಿ ಹೆಚ್ಚು ಮರೆತವರೂ ಅವರೇ, ಖುಷಿ ಕಡಿಮೆ ಸಿಕ್ಕಿತು ಎಂದವರೂ ಅವರೇ. ಭಾಗವಹಿಸಿದ್ದು 51 ವಿದ್ಯಾರ್ಥಿಗಳಷ್ಟೇ, ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೆ ಕಾರಣ ಊಹಿಸುವುದು ಕಷ್ಟವಿಲ್ಲ. ಒಂದೇ ಬಗೆಯ ಸುಖ ಎಡೆಬಿಡದೆ ಸಿಕ್ಕರೆ ಮನಸ್ಸು ಅದಕ್ಕೆ ಒಗ್ಗಿಹೋಗುತ್ತದೆ. ನಡುವೆ ಬಿಡುವಿದ್ದರೆ ಕುತೂಹಲ ಮತ್ತೆ ಚಿಗುರುತ್ತದೆ.

ಕೊಟ್ಟ ಸಲಹೆಯಲ್ಲಿ 'ನೋಡಬೇಡಿ' ಎಂಬುದು ಇರಲಿಲ್ಲ. ದಿನಕ್ಕೆ ಹೆಚ್ಚೆಂದರೆ ಎರಡು ಕಂತು, ಮಲಗುವುದಕ್ಕೆ ಒಂದು ಗಂಟೆ ಮೊದಲೇ ಟಿವಿ ಬಂದ್. ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ಆಫ್ ಆಗಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಇದು ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿದೆ, ಪ್ರತಿ ಪ್ರೊಫೈಲ್‌ಗೂ ಬೇರೆಬೇರೆಯಾಗಿ ಬದಲಿಸಬೇಕು. ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವುದು ಬೇಡ. ಫೋನು ಇನ್ನೊಂದು ಕೋಣೆಯಲ್ಲಿರಲಿ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ನಿಲ್ಲಿಸುವ ಜಾಗ. ಕಂತಿನ ಕೊನೆಯಲ್ಲಿ ನಿಲ್ಲಿಸಲು ಹೊರಟವರು ಸೋಲುವುದೇ ಹೆಚ್ಚು, ಕಥೆಯನ್ನು ಬಿಗಿಮಾಡಿ ಇಟ್ಟಿರುವುದೇ ಅಲ್ಲಿ. ಮುಂದಿನ ಕಂತಿನ ಮೊದಲ ಐದು–ಹತ್ತು ನಿಮಿಷ ನೋಡಿದರೆ ಆ ಗಂಟು ಸಡಿಲವಾಗುತ್ತದೆ. ಎರಡು ಕಂತಿನ ಲೆಕ್ಕಕ್ಕೆ ಈ ನಿಮಿಷಗಳನ್ನು ಸೇರಿಸಬೇಕಿಲ್ಲ. ಅಲ್ಲೇ ನಿಲ್ಲಿಸಿ, ಮುಂದೇನಾಗಬಹುದು ಎಂದು ಎರಡು ಸಾಲು ಬರೆದಿಡಬೇಕು. ಮರುದಿನ ಹಿಂದಿನ ಕಂತನ್ನು ನೆನಪಿಸಿಕೊಂಡೇ ಶುರುಮಾಡಬೇಕು, ರೀಕ್ಯಾಪ್ ಹಾಕದೆ.

ಮೂರನೇ ವಾರ ಜಾರಿದರು. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕ್ಲೈಮ್ಯಾಕ್ಸ್ ಹೇಳಿಬಿಟ್ಟಾರೆಂಬ ಆತಂಕಕ್ಕೆ ಒಂದೇ ರಾತ್ರಿ ಐದು ಕಂತು ನೋಡಿದ್ದರು. ಹೊಸ ಸೀರೀಸ್ ಶುರುಮಾಡಿದ ದಿನವೇ ಆ ಗುಂಪನ್ನು ಒಂದು ವಾರ ಮ್ಯೂಟ್ ಮಾಡುವಂತೆ ಹೇಳಲಾಯಿತು. ಆ ಬಳಿಕ ಹಿಡಿದ ಸೀರೀಸನ್ನು ನಾಲ್ಕು ದಿನ ಎಳೆದು ನೋಡಿದ್ದಾರೆ.