ಹನ್ನೊಂದು ಮಕ್ಕಳ ಶಾಲೆಗೆ ಮಗಳನ್ನು ಕಳಿಸಬಹುದೇ?

ಮಾನ್ಯರೇ,

ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಮಗಳನ್ನು ಶಿರಸಿಯ ದೊಡ್ಡ ಹೈಸ್ಕೂಲಿನ ಬದಲು ಪಕ್ಕದ ಹಳ್ಳಿಯ ಹನ್ನೊಂದು ಮಕ್ಕಳ ಪರ್ಯಾಯ ಶಾಲೆಗೆ ಸೇರಿಸುವ ಮನಸ್ಸು ನಿಮ್ಮದು. ಅಲ್ಲಿ ಎಸ್ಸೆಸ್ಸೆಲ್ಸಿ ಇಲ್ಲ, ಹುಡುಗಿಯ ಭವಿಷ್ಯ ಹಾಳಾದೀತು ಎಂದು ನೆಂಟರು ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀರಿ.

ಪರೀಕ್ಷೆಗೆ ದಾರಿಯಿದೆ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 14 ವರ್ಷ ತುಂಬಿದವರಿಗೆ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಕನಿಷ್ಠ 5 ವಿಷಯಗಳಲ್ಲಿ ಉತ್ತೀರ್ಣರಾಗಬೇಕು. ನೋಂದಣಿ 5 ವರ್ಷ ಊರ್ಜಿತದಲ್ಲಿರುತ್ತದೆ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆಯಿದ್ದರೆ ಗಣಿತ ಮತ್ತು ವಿಜ್ಞಾನಗಳನ್ನು ಬಿಡಕೂಡದು.

ಇಂತಹ ಶಾಲೆಯಲ್ಲಿ ನಾನು ಕಂಡ ಒಂದು ಗಣಿತದ ಪಾಠವನ್ನು ಹೇಳಬೇಕು. ಮಕ್ಕಳು ಹಗ್ಗ ಹಿಡಿದು ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ಒಂದು ತುಂಡನ್ನು ತ್ರಿಕೋನಗಳಾಗಿ ಒಡೆದು ಅಳೆಯುತ್ತಿದ್ದರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಘಟ್ಟದ ಮೇಲಿನ ಹಳೆಯ ಲೆಕ್ಕ ಅವರೆಲ್ಲರ ಮನೆಯಲ್ಲೂ ಗೊತ್ತಿದ್ದದ್ದೇ. ಒಬ್ಬಳ ತ್ರಿಕೋನದಲ್ಲಿ ಒಂದು ಬದಿ ಉಳಿದೆರಡರ ಮೊತ್ತಕ್ಕಿಂತ ಉದ್ದ ಬಂದಿತ್ತು. ಮೇಷ್ಟ್ರು ತಪ್ಪೆನ್ನಲಿಲ್ಲ, ಕೈವಾರ ಕೊಟ್ಟು ಅದನ್ನು ಬರೆಯಲು ಹೇಳಿದರು. ಕಂಸಗಳು ಎಷ್ಟು ಎಳೆದರೂ ಕೂಡಲಿಲ್ಲ. ಹುಡುಗಿ ತಾನೇ ಹಗ್ಗ ಎತ್ತಿಕೊಂಡು ಮತ್ತೆ ಬೆಟ್ಟಕ್ಕೆ ನಡೆದಳು. ಅರವತ್ತು ಮಕ್ಕಳ ತರಗತಿಯಲ್ಲಿ ಎಷ್ಟೇ ಒಳ್ಳೆಯ ಶಿಕ್ಷಕರಿದ್ದರೂ ಒಂದು ತಪ್ಪಿಗೆ ಇಷ್ಟು ಹೊತ್ತು ಕೊಡುವುದು ಅವರ ಕೈಯಲ್ಲಿಲ್ಲ.

ಆದರೆ ಚಿಕ್ಕದೆಂಬ ಕಾರಣಕ್ಕೇ ಯಾವ ಶಾಲೆಯೂ ಒಳ್ಳೆಯದಾಗುವುದಿಲ್ಲ. ಇಬ್ಬರು ಶಿಕ್ಷಕರಲ್ಲಿ ಒಬ್ಬರು ಬಿಟ್ಟುಹೋದರೆ ಅರ್ಧ ಶಾಲೆಯೇ ಹೋದಂತೆ. ಓರಗೆಯ ಗೆಳತಿಯರು ಸಿಗುವುದೂ ಕಷ್ಟ, ಹದಿಮೂರರ ವಯಸ್ಸಿಗೆ ಅದು ಸಣ್ಣ ಕೊರತೆಯಲ್ಲ. ಇನ್ನೊಂದು ಮಾತು: 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ, ಅದರ ಪ್ರಕಾರ ಮಾನ್ಯತೆಯಿಲ್ಲದೆ ಶಾಲೆ ನಡೆಸುವಂತಿಲ್ಲ. ಆದ್ದರಿಂದ ಎಂಟನೆಯ ತರಗತಿಯ ವರ್ಷ ಮಗಳ ಹೆಸರು ಯಾವ ದಾಖಲೆಯಲ್ಲಿರುತ್ತದೆ, ವಿಜ್ಞಾನದ ಪ್ರಾಯೋಗಿಕ ಪಾಠ ಎಲ್ಲಿ ನಡೆಯುತ್ತದೆ, ಹಿಂದಿನ ಮಕ್ಕಳು ಪರೀಕ್ಷೆಯನ್ನು ಯಾವ ಕೇಂದ್ರದಲ್ಲಿ ಬರೆದರು ಎಂಬುದನ್ನು ಶಾಲೆಯವರಿಂದ ಬರವಣಿಗೆಯಲ್ಲಿ ಪಡೆಯಿರಿ. ಆ ಮಕ್ಕಳ ತಾಯ್ತಂದೆಯರನ್ನೂ ಕಂಡು ಮಾತಾಡಿ.

ಉತ್ತರಗಳು ಸ್ಪಷ್ಟವಾಗಿದ್ದು, ಮಗಳಿಗೂ ಇಷ್ಟವಿದ್ದರೆ, ಧೈರ್ಯವಾಗಿ ಸೇರಿಸಿ ಎಂದೇ ನನ್ನ ಸಲಹೆ. ಈಗಿನ ಶಾಲೆಯಿಂದ ವರ್ಗಾವಣೆ ಪತ್ರದ ಜೊತೆಗೆ ಒಂದರಿಂದ ಏಳರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ಈಗಲೇ ಪಡೆದಿಡಿ. ಮುಂದೆ ಸಿಇಟಿ ಬರೆಯುವಾಗ ರಾಜ್ಯದಲ್ಲಿ ಏಳು ವರ್ಷ ಓದಿದ್ದಕ್ಕೆ ಅದು ಬೇಕಾಗುತ್ತದೆ.

— ಸಂಪಾದಕ